ಬೆಕ್ಕಿನ ಕಿಂಡಿ

ಊರಿಗಾಂ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು, ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದರು. ಅಡುಗೆಮನೆ ಬಾಗಿಲಲ್ಲಿ ಬೆಕ್ಕಿಗೊಂದು ಕಿಂಡಿ ಬೇಕೆಂದು ಅಮ್ಮ ಕೇಳಿದಾಗ ಅವರು ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಒಳಗಿನಿಂದಲೇ ಕೊರೆಯತೊಡಗಿದರು.

"ಒಳಕ್ಕೋಗೋ ದಾರಿ ಯಾರಾದ್ರೂ ಮಾಡ್ತಾರೆ ತಂಗಚ್ಚಿ, ಆಚೆ ಬರೋ ದಾರಿ ಮೊದ್ಲು ನೋಡ್ಬೇಕು." ಯಾವ ಕೆಲಸಕ್ಕೂ ಅವರದು ಅದೇ ಮಾತು.

"ಇಷ್ಟು ದೊಡ್ಡದು ಯಾಕಣ್ಣ?" ಎಂದರು ಅಮ್ಮ.

"ಬಾಯಾಗೆ ಮರಿ ಕಚ್ಕೊಂಡು ಬರ್ಬೇಕಲ್ಲಮ್ಮ." ಹಳೇ ಟ್ಯೂಬಿನ ರಬ್ಬರನ್ನು ಕಿಂಡಿಗೆ ಪರದೆಯಂತೆ ಇಳಿಬಿಟ್ಟರು.

ಬೆಕ್ಕು ಅಡುಗೆಮನೆಯಲ್ಲೇ ಮರಿ ಹಾಕಿತು. ಒಂದು ಮಧ್ಯಾಹ್ನ ಗಣಿಯಾಳದಲ್ಲಿ ಬಂಡೆ ಸಿಡಿದು ಲೈನಿನ ಮನೆಗಳೆಲ್ಲ ನಡುಗಿದವು. ಚೌಕಟ್ಟು ಸೊಟ್ಟಗಾಗಿ ಆ ಬಾಗಿಲು ಕಚ್ಚಿಕೊಂಡಿತು. ಒಳಗೆ ಹೆಂಚು ಬೀಳುವ ಸದ್ದು. ಓಡಿ ಬಂದ ಅವರು, ಬಾಗಿಲು ತಳ್ಳಹೋದ ಅಮ್ಮನನ್ನು ತಡೆದರು. "ತಳ್ಳಿದ್ರೆ ಗೋಡೆನೂ ಕುಸ್ದು ಬತ್ತದೆ. ತಾಳಮ್ಮ."

ರಬ್ಬರು ಅಲುಗಿತು. ಮರಿಯೊಂದನ್ನು ಕಚ್ಚಿಕೊಂಡು ಬೆಕ್ಕು ಹೊರಬಂತು, ಅದನ್ನು ನಮ್ಮ ಕಾಲ ಬಳಿ ಇಟ್ಟು ಮತ್ತೆ ಒಳಗೆ ಹೋಯಿತು. ಅವರು ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದರು, ಅಪಘಾತವಾದ ದಿನ ಗಣಿಯ ಬಾಯಲ್ಲಿ ಕಾಯುವವರ ಹಾಗೆ. ಒಂದೊಂದು ಮರಿ ಬಂದಾಗಲೂ "ಬಂದ" ಎಂದು ಮೆಲ್ಲಗೆ ಹೇಳುತ್ತಿದ್ದರು.

ಎಲ್ಲ ಮರಿಗಳೂ ಬಂದ ಮೇಲೂ ಬೆಕ್ಕು ಇನ್ನೊಮ್ಮೆ ಒಳಗೆ ಹೋಯಿತು. ಅದು ಬರಿಬಾಯಲ್ಲಿ ಹಿಂದಿರುಗಿದ ಮೇಲಷ್ಟೇ ಅವರು ಟವಲನ್ನು ಮತ್ತೆ ತಲೆಗೆ ಸುತ್ತಿದ್ದು.