ಕಂಪ್ಯೂಟರ್ ಖೋಲಿಯ ಬಾಯಾರು

ಇಂದಿರಾಬಾಯಿಯವರು ಕಂಪ್ಯೂಟರ್ ಖೋಲಿಯೊಳಗೆ ಊದಿನಕಡ್ಡಿ ತರಗೊಡುತ್ತಿರಲಿಲ್ಲ. ಸೇಡಂನ ವೈಷ್ಣವ ಮನೆತನದವರು, ಏಕಾದಶಿಗೆ ಹನಿ ನೀರೂ ಮುಟ್ಟದವರು, ಖೋಲಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವವರು. ಹಾಗಿದ್ದೂ ಯಾರಾದರೂ ಊದಿನಕಡ್ಡಿ ಹಿಡಿದು ಬಂದರೆ ಅಡ್ಡ ನಿಂತು ಬಿಡುತ್ತಿದ್ದರು. "ದೇವ್ರು ಬೇಕಾದ್ರ ಒಳಗ ಬರ್ಲಿ, ಹೊಗಿ ಮಾತ್ರ ಹೊರಗೇ ನಿಲ್ಲಲಿ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಸೇಡಂ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಅವರೂ ನಾನೂ ನೌಕರರು. ಲಾರಿ ಚೀಟಿ, ಸ್ಟೋರಿನ ಸಾಮಾನು, ಮಂದಿಯ ರಜೆ, ಹೀಗೆ ಎಲ್ಲವೂ ಒಂದಕ್ಕೊಂದು ಗಂಟು ಹಾಕಿಕೊಂಡು ಕೂತಿದ್ದ ಡೇಟಾಬೇಸ್ ಅವರ ಸುಪರ್ದಿಯಲ್ಲಿತ್ತು. ನಾನು ಅವರ ಕೈಕೆಳಗಿನವನು. ನನಗೆ ಅಪ್ಪ ಅವ್ವ ಇಟ್ಟ ಹೆಸರೊಂದಿದೆ, ಆದರೆ ಅವರ ಬಾಯಲ್ಲಿ ಅದು ಒಂದು ದಿನವೂ ಬರಲಿಲ್ಲ. ಚಿತ್ತಾಪುರದವನೆಂದು "ಏ ಚಿತ್ತಾಪುರ, ಬಾ ಇಲ್ಲೆ" ಎಂದೇ ಕರೆಯುತ್ತಿದ್ದರು. ನಾವೆಲ್ಲ ಅವರನ್ನು 'ಬಾಯಾರು' ಅನ್ನುತ್ತಿದ್ದೆವು. ಮ್ಯಾನೇಜರ್ ಸಾಹೇಬರೂ ಅವರೆದುರು ದನಿ ತಗ್ಗಿಸುತ್ತಿದ್ದರು, ಸುಳ್ಳು ಯಾಕೆ ಹೇಳಲಿ!

ಒಂದು ಮಧ್ಯಾಹ್ನ ಲಾರಿ ಚೀಟಿಯ ಕೌಂಟರಿನಲ್ಲಿ ಎಲ್ಲ ಪರದೆಗಳೂ ಕಲ್ಲಾದವು. ಒತ್ತಿದ್ದು ಒತ್ತಿದಂತೆಯೇ, ಮುಂದೆ ಏನೂ ಇಲ್ಲ. ಹೊರಗೆ ಲಾರಿಗಳ ಸಾಲು ಮಳಖೇಡದ ರಸ್ತೆಗೆ ತಿರುಗಿತ್ತು, ಡ್ರೈವರ್‌ಗಳು ಹಾರ್ನ್ ಹೊಡೆದೂ ಹೊಡೆದೂ ತಲೆ ಚಿಟ್ಟು ಹಿಡಿಸಿದ್ದರು. "ಬಾಯಾರ, ಒಮ್ಮೆ ಬಂದ್ ಮಾಡಿ ಚಾಲು ಮಾಡಿಬಿಡೂಣ್ರಿ" ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಜ್ವರ ಬಂದ್ರ ಮನಿಷ್ಯಾನ್ನ ಬಂದ್ ಮಾಡ್ತೀಯೇನೋ ಚಿತ್ತಾಪುರ? ಮೊದಲ ತಪಾಸ ಮಾಡು, ಆಮ್ಯಾಲ ಕೈ ಹಚ್ಚು."

ಯಾರ ಹಿಂದೆ ಯಾರು ಕಾಯುತ್ತಿದ್ದಾರೆಂದು ಪರದೆಯ ಮೇಲೆ ಒಂದೊಂದಾಗಿ ಹಿಡಿದುಕೊಂಡು ಹೋದರು. ಎಲ್ಲರ ಮುಂದೆ ನಿಂತವನು ಸ್ಟೋರಿನ ಗುಮಾಸ್ತ. ಸಿಮೆಂಟ್ ಚೀಲದ ದಾಸ್ತಾನು ತಿದ್ದಲಿಕ್ಕೆ ತೆಗೆದು, ಮುಗಿಸದೆ, ಊಟಕ್ಕೆ ಎದ್ದು ಹೋಗಿದ್ದ. ಅವನು ಮುಗಿಸುವ ತನಕ ಆ ದಾಸ್ತಾನಿನ ಲೆಕ್ಕವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಅದಕ್ಕೇ ಲಾರಿಗಳೆಲ್ಲ ಅವನ ಹಿಂದೆ ನಿಂತಿದ್ದವು. ಬಾಯಾರು ತಮ್ಮ ಪರದೆಯಿಂದಲೇ ಅವನ ಅರ್ಧ ಕೆಲಸವನ್ನು ಕಿತ್ತು ಹಾಕಬಹುದಿತ್ತು. ಹಾಗೆ ಮಾಡದೆ ನಡೆದು ಹೋಗಿ, ರೊಟ್ಟಿ ಪುಂಡಿಪಲ್ಯದ ಮುಂದೆ ಕೂತಿದ್ದವನ ಎದುರು ನಿಂತರು. "ರೊಟ್ಟಿ ಆರಾಮ ತಿನ್ನಪಾ. ಆದ್ರ ಮೊದಲ ಬಂದು ಬಾಗಲಾ ಬಿಡು, ಮಂದಿ ನಿಂತಾರ." ಪಾಪ, ಅವನು ತುತ್ತು ಬಾಯಲ್ಲಿಟ್ಟುಕೊಂಡೇ ಓಡಿದ.

ಶನಿವಾರ ಬಂತೆಂದರೆ ಇನ್ನೊಂದು ಪೀಡೆ. ಡೇಟಾಬೇಸನ್ನು ಟೇಪಿಗೆ ನಕಲು ಮಾಡಿದರೆ ಅವರಿಗೆ ಸಾಲದು. ಮೂಲೆಯಲ್ಲಿದ್ದ ಹಳೆಯ ಯಂತ್ರಕ್ಕೆ ಆ ಟೇಪು ಹಚ್ಚಿ, ಅದರಿಂದ ಎಲ್ಲವೂ ಮತ್ತೆ ಏಳುತ್ತದೋ ಇಲ್ಲವೋ ನೋಡಲೇಬೇಕು. ನನಗೆ ಮನೆಗೆ ಹೋಗುವ ಅವಸರ. "ನಕಲು ಆಗ್ಯದಲ್ರಿ, ಮತ್ತ್ಯಾಕ?" ಎಂದು ಗೊಣಗಿದರೆ, "ಉಪ್ಪಿನಕಾಯಿ ಭರಣಿ ಕಟ್ಟಿಟ್ರ ಆಯ್ತೇನು? ಬೂಸರ ಬಂದದೋ ಏನೋ, ಬಿಚ್ಚಿ ನೋಡಬ್ಯಾಡ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ವರ್ಷ ಆಯುಧಪೂಜೆಯ ದಿನ ನಮ್ಮ ಗ್ರಹಚಾರ ಕೆಟ್ಟಿತು. ಬಾಯಾರ ಮನೆಯಲ್ಲಿ ವೆಂಕಟೇಶನ ನವರಾತ್ರಿ, ಅಂದು ಅವರಿಗೆ ರಜೆ. ಕುಂಕುಮವನ್ನಷ್ಟೇ ಹಚ್ಚಬೇಕೆಂದು ಹೇಳಿ, ಹಿಂದಿನ ದಿನವೇ ಖೋಲಿಯ ಕೀಲಿಯನ್ನು ಎಲೆಕ್ಟ್ರಿಷಿಯನ್ ಮಾಣಿಕಪ್ಪನ ಕೈಗೆ ಕೊಟ್ಟು ಹೋಗಿದ್ದರು. ಮಾಣಿಕಪ್ಪ ಮುಧೋಳದವನು, ಕೆಲಸದಲ್ಲೇ ತಲೆ ನರೆತ ದೈವಭಕ್ತ. ನಮ್ಮಲ್ಲಿ ಪೂಜೆಗೆ ಮೊದಲು ಯಂತ್ರ ನಿಲ್ಲಿಸುವುದು ರೂಢಿ. ಅವನು ಖೋಲಿಗೆ ಹೋದವನೇ ಎಲ್ಲ ಸ್ವಿಚ್ಚುಗಳನ್ನೂ ಕೆಳಗೆಳೆದು, ಕರೆಂಟು ಹೋದರೂ ಯಂತ್ರವನ್ನು ಕಾಯುವ ಬ್ಯಾಟರಿ ಪೆಟ್ಟಿಗೆಯನ್ನೂ ಆರಿಸಿ, ಕುಂಕುಮ ಹಚ್ಚಿ ಕೈಮುಗಿದ. ಆಗ ಕೌಂಟರಿನಲ್ಲಿ ಲಾರಿ ಚೀಟಿ ನಡೆದಿತ್ತು. ಮತ್ತೆ ಚಾಲೂ ಮಾಡಿದರೆ ಡೇಟಾಬೇಸ್ ಏಳಲೇ ಇಲ್ಲ.

ನಾನು ಜೀಪಿನಲ್ಲಿ ಸೇಡಂಗೆ ಹೋಗಿ ಬಾಯಾರನ್ನು ಕರೆತಂದೆ. ಖೋಲಿಯಲ್ಲಿ ಮ್ಯಾನೇಜರ್ ಸಾಹೇಬರು ಕೂಗಾಡುತ್ತಿದ್ದರು. "ಯಾರ ಕೆಲಸ ಇದು? ಒಂದು ಚೀಟಿ ಕಳೆದಿದ್ದರೂ ಸರಿ, ಮಾಡಿದವನನ್ನು ನಾಳೆಯೇ ಗೇಟಿನ ಹೊರಗೆ ಹಾಕುತ್ತೇನೆ!" ಮಾಣಿಕಪ್ಪ ಗೋಡೆಗೆ ಆತು ನಿಂತಿದ್ದ. ಅವನ ನೌಕರಿ ಹೋದರೆ ಕ್ವಾರ್ಟರ್ಸೂ ಹೋಗುತ್ತಿತ್ತು, ಹಾಸಿಗೆ ಹಿಡಿದ ಹೆಂಡತಿಯನ್ನು ಎಲ್ಲಿಗೆ ಒಯ್ಯುತ್ತಾನೆ?

"ಸಾಹೇಬ್ರ, ಎಲ್ಲಾರೂ ಜರಾ ಹೊರಗ ನಡೀರಿ" ಅಂದರು ಬಾಯಾರು. ನನ್ನನ್ನೂ ಮಾಣಿಕಪ್ಪನನ್ನೂ ಉಳಿಸಿಕೊಂಡು ಬಾಗಿಲು ಹಾಕಿದರು. "ಮಾಣಿಕಪ್ಪ, ನಾ ಬೈಯೂದಿಲ್ಲ. ಯಾವುದು ಮೊದಲ ಆರಿಸಿದಿ, ಯಾವುದು ಆಮ್ಯಾಲ, ಹಾಂಗೇ ಹೇಳು."

ಅವನು ಅಳುತ್ತಲೇ ಹೇಳಿದ. "ನಡಿಯೋ ಮಶೀನಿಗಿ ಹ್ಯಾಂಗ ಪೂಜಾ ಮಾಡ್ಲಿರಿ ಬಾಯಾರ? ದೇವ್ರಾಣಿ, ಕೆಡಸಬೇಕಂತ ಮಾಡಿಲ್ರಿ."

"ಗೊತ್ತದ. ಅಲ್ಲೆ ಕುಂದ್ರು."

ಮುರಿದ ಫೈಲುಗಳನ್ನು ಅವರು ರಿಪೇರಿ ಮಾಡಲು ಹೋಗಲಿಲ್ಲ. ಮೊದಲು ಅವು ಇದ್ದ ಸ್ಥಿತಿಯಲ್ಲೇ ಬೇರೆ ಟೇಪಿಗೆ ಎತ್ತಿಟ್ಟುಕೊಂಡರು. ಸಾಹೇಬರು ಬಾಗಿಲು ಬಡಿಯುತ್ತಿದ್ದರೂ ಕೈ ಅವಸರ ಮಾಡಲಿಲ್ಲ. ಆಮೇಲೆ ಶನಿವಾರದ ಟೇಪು ಹಚ್ಚಿದರು. ನಾನು ಗೊಣಗಿಕೊಂಡು ಪರೀಕ್ಷಿಸಿದ್ದ ಟೇಪು ಅದು! ಡೇಟಾಬೇಸ್ ಎದ್ದು ಕೂತಿತು, ಆದರೆ ಅದಕ್ಕೆ ಶನಿವಾರದ ತನಕ ನಡೆದದ್ದಷ್ಟೇ ಗೊತ್ತು. ಅಲ್ಲಿಂದಾಚೆಯ ಕೆಲಸವೆಲ್ಲ ಇನ್ನೊಂದು ಡಿಸ್ಕಿನಲ್ಲಿತ್ತು. ಯಂತ್ರವು ಪ್ರತಿ ಬದಲಾವಣೆಯನ್ನೂ ಅಲ್ಲಿ ಕ್ರಮವಾಗಿ ಬರೆದಿಡುವಂತೆ ಬಾಯಾರು ಎಂದೋ ಏರ್ಪಾಡು ಮಾಡಿದ್ದರು. ಈಗ ಅದನ್ನು ಶನಿವಾರದಿಂದ ಮುಂದಕ್ಕೆ ಮತ್ತೆ ನಡೆಸಿದರು.

ನಾನು ಅವರ ಬೆನ್ನ ಹಿಂದೆ ನಿಂತು ನೋಡಿದೆ. ಹೋದ ಲಾರಿಗಳು ಮತ್ತೆ ಹೋದವು. ರಜೆ ಹಾಕಿದವರು ಮತ್ತೆ ರಜೆ ಹಾಕಿದರು. ಕಳೆದ ದಿನಗಳು ನನ್ನ ಕಣ್ಣೆದುರೇ ಒಂದರ ಹಿಂದೊಂದು ಬಂದು ತಂತಮ್ಮ ಜಾಗದಲ್ಲಿ ಕೂತವು. ಈ ಹೆಣ್ಣುಮಗಳ ಕಾಲಿಗೆ ಬೀಳಬೇಕು ಅನ್ನಿಸಿತು, ಬಿದ್ದಿದ್ದರೆ ಬೈಸಿಕೊಳ್ಳುತ್ತಿದ್ದೆ, ಆ ಮಾತು ಬೇರೆ. ಕರೆಂಟು ಹೋದಾಗ ಅರ್ಧ ಬರೆದಿದ್ದ ಕೊನೆಯ ಚೀಟಿಯನ್ನು ಯಂತ್ರ ತಾನಾಗಿಯೇ ಅಳಿಸಿ ಹಾಕಿತು. ಗೇಟಿಗೆ ಹೋಗಿ ನೋಡಿದರೆ ಆ ಲಾರಿ ಇನ್ನೂ ಚೀಟಿಗಾಗಿ ನಿಂತಿತ್ತು, ಹೊಸದೊಂದು ಬರೆದುಕೊಟ್ಟೆವು. ಒಂದೇ ಒಂದು ಅಕ್ಷರವೂ ಕಳೆದಿರಲಿಲ್ಲ.

"ದೇವ್ರು ಕಾಪಾಡಿದ" ಎಂದು ಮಾಣಿಕಪ್ಪ ಯಂತ್ರಕ್ಕೆ ಮತ್ತೊಮ್ಮೆ ಕೈಮುಗಿದು ಹೋದ. ಸಾಹೇಬರ ಸಿಟ್ಟು ಮಾತ್ರ ಇಳಿಯಲಿಲ್ಲ, ಹೆಸರು ಬೇಕೇ ಬೇಕೆಂದು ಹಟ ಹಿಡಿದರು. ಬಾಯಾರು ವರದಿಯಲ್ಲಿ ಒಂದೇ ಹೆಸರು ಬರೆದರು, ತಮ್ಮದು. ದೀಪಾವಳಿಯ ಒಳಗೇ ಅವರನ್ನು ವಾಡಿಯ ಸೈಡಿಂಗಿಗೆ ಹಾಕಿದರು. ರೈಲು ವ್ಯಾಗನ್ನುಗಳಿಗೆ ಸಿಮೆಂಟು ತುಂಬುವ ಜಾಗ, ಅಲ್ಲಿ ಕಂಪ್ಯೂಟರೇ ಇರಲಿಲ್ಲ.

ಮರು ವರ್ಷ ನೋಡಲು ಹೋದೆ. ತಗಡಿನ ಶೆಡ್ಡಿನಲ್ಲಿ, ಸಿಮೆಂಟಿನ ಧೂಳಿನಲ್ಲಿ, ವ್ಯಾಗನ್ನಿನ ನಂಬರು ನೋಡುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಎಲ್ಲಾ ಉಳಿಸಿದವ್ರು ನೀವು. ಮತ್ತ ನಿಮ್ಮ ಹೆಸರು ಯಾಕ ಬರಕೊಂಡ್ರಿ?" ಎಂದು ಜಗಳಕ್ಕೇ ನಿಂತೆ.

"ಕೀಲಿ ಕೊಟ್ಟಾಕಿ ಯಾರು? ಬಂದ್ ಮಾಡಬ್ಯಾಡ ಅಂತ ಒಂದು ಮಾತು ಹೇಳಬೇಕಿತ್ತು, ನವರಾತ್ರಿ ಗಡಿಬಿಡಿಯೊಳಗ ಮರ್ತೆ. ಖರೇನ ಬರದೀನಿ, ಚಿತ್ತಾಪುರ. ಅದರ ಮ್ಯಾಲ ಮಾಣಿಕಪ್ಪನ ಹೆಸರು ಯಾಕ ಬೇಕು?" ಎಂದರು. ಹೊರಡುವಾಗ ಕರೆದು ಮೆಲ್ಲಗೆ ಹೇಳಿದರು: "ಅವಂಗ ಇದೆಲ್ಲಾ ಹೇಳಬ್ಯಾಡ. ಮುಂದ ಕರೆಂಟಿನ ಕೆಲಸ ಮಾಡೂವಾಗ ಕೈ ನಡುಗ್ತದ."

ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ಸೇಡಂನಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಮಾಣಿಕಪ್ಪನೇ ನನಗೆ ತಂದ. ಕಾರ್ಖಾನೆಯ ಖಾಕಿ ಅಂಗಿಯಲ್ಲಿದ್ದ, ಕಣ್ಣು ಕೆಂಪಾಗಿದ್ದವು. "ಎಂಥಾ ಹೆಣ್ಮಗಳ್ರಿ! ಅಂಥಾಕಿಗಿ ಆ ಧೂಳಿನಾಗ ಯಾಕ ಹಾಕಿದ್ರು? ಏನು ತಪ್ಪು ಮಾಡಿದ್ರು ಬಾಯಾರು? ನಿಮಗ ಗೊತ್ತಿರಬೇಕಲ್ರಿ?"

ಗೋಡೆಗೆ ಒರಗಿಸಿದ್ದ ಅವನ ಸೈಕಲ್ ತೆಗೆದು ಕೈಗೆ ಕೊಟ್ಟೆ. "ಏನೂ ಇಲ್ಲ ಮಾಣಿಕಪ್ಪ, ಡ್ಯೂಟಿಗೆ ಹೊತ್ತಾಗ್ತದ, ನಡಿ" ಅಂದೆ.

ಅವನು ಕಣ್ಣೊರೆಸಿಕೊಂಡು, ಸೈಕಲ್ ಹತ್ತಿ, ಗೇಟಿನ ಒಳಗೆ ಹೋದ.