ಒಂಟಿಕೊಪ್ಪಲಿನ ಮನೆಗೆ ಅರ್ತಿಂಗ್ ಮಾಡಿಸಿದ್ದು

ಹಾಲು ಉಕ್ಕುವ ಬದಲು ಒಡೆಯಬಹುದಿತ್ತು. ಹೋಮದ ಹೊಗೆಗೆ ಹೊಸ ಸುಣ್ಣ ಕಪ್ಪಾಗಬಹುದಿತ್ತು. ಪುರೋಹಿತರು ಇನ್ನಾರದೋ ಗೃಹಪ್ರವೇಶಕ್ಕೆ ಹೋಗಿ ಕೂತುಬಿಡಬಹುದಿತ್ತು. ಜಗಲಿಯ ದೊಡ್ಡ ಬೋರ್ಡಿನ ಫ್ಯೂಜು ಹಾರಬಹುದಿತ್ತು. ಹಿತ್ತಲ ಕಡೆಯ ಚಿಕ್ಕ ಬೋರ್ಡಿನ ಕಬ್ಬಿಣದ ಡಬ್ಬಿಗೆ ಕರೆಂಟು ಹರಿಯಬಹುದಿತ್ತು; ಅಲ್ಲಿಂದ ಬಚ್ಚಲಿನ ನಲ್ಲಿಗೆ, ನಲ್ಲಿಯಿಂದ ಅಮ್ಮನ ಕೈಗೆ. ಒಂಟಿಕೊಪ್ಪಲಿನ ನಮ್ಮ ಹೊಸ ಮನೆಯ ಗೃಹಪ್ರವೇಶ ಹತ್ತಿರವಾದಂತೆ ನಾನು ಇವನ್ನೆಲ್ಲ ಒಂದಾದ ಮೇಲೊಂದರಂತೆ ಯೋಚಿಸುತ್ತಿದ್ದೆ. ಮನೆಯ ಮಿಕ್ಕವರು ಆ ಹೊತ್ತನ್ನು ಕೆಲಸ ಮಾಡುವುದಕ್ಕೆ ಬಳಸುತ್ತಿದ್ದರು.

ಕೊನೆಯದು ಮಾತ್ರ ನನ್ನ ಕಲ್ಪನೆಯಲ್ಲ. ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ನಲ್ಲಿ ತಿರುಗಿಸಲು ಹೋದ ಅಮ್ಮನಿಗೆ ಒಮ್ಮೆ ಶಾಕ್ ಹೊಡೆದಿತ್ತು. ಅಂದಿನಿಂದ ಸ್ವಿಚ್ಚು, ನಲ್ಲಿ ಎರಡನ್ನೂ ಅವಳು ಮುಟ್ಟಿರಲಿಲ್ಲ.

"ಪ್ರವೇಶಕ್ಕೆ ಬರ್ತೀನಿ ಕಣೋ, ಊಟಾನೂ ಮಾಡ್ತೀನಿ. ಸಂಜೆಗೆ ನಿಮ್ಮಣ್ಣನ ಮನೆಗೆ ಹೊರಟ್ಬುಡ್ತೀನಿ. ಅಲ್ಲಿ ಬಾವಿ ಇದೆ, ಸೀಮೆಎಣ್ಣೆ ದೀಪ ಇದೆ," ಎಂದು ಹೇಳಿಬಿಟ್ಟಿದ್ದಳು.

ಬಚ್ಚಲ ಪಕ್ಕದ ಕೋಣೆಯನ್ನು ಅವಳಿಗೆಂದೇ ಕಟ್ಟಿಸಿದ್ದೆ. ಅದು ಖಾಲಿ ಉಳಿದುಬಿಟ್ಟರೆ? ನನ್ನ ಚಿಂತೆಗಳೆಲ್ಲ ಊರು ಸುತ್ತಿ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಕೋಣೆಯ ಹೊಸ್ತಿಲಲ್ಲೇ.

ವೈರಿಂಗ್ ಮೇಸ್ತ್ರಿ ಹಿತ್ತಲಲ್ಲಿ ಆಳುದ್ದದ ಗುಂಡಿ ತೋಡಿಸಿದ. ನಡುವೆ ಕಬ್ಬಿಣದ ಕೊಳವೆ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬಿಸಿದ. ಎರಡೂ ಬೋರ್ಡಿನ ಡಬ್ಬಿಗಳಿಂದ, ಬಚ್ಚಲ ನಲ್ಲಿಯ ಕೊಳವೆಯಿಂದ ತಂತಿ ಬಂದು ಆ ಗುಂಡಿಗೆ ಸೇರುತ್ತಿತ್ತು. ಕರೆಂಟು ದಾರಿ ತಪ್ಪಿದರೆ ಮನುಷ್ಯರ ಮೈಗೆ ಬರದೆ ನೆಲಕ್ಕಿಳಿದು ಹೋಗಲಿ ಎಂದು ಈ ಏರ್ಪಾಡು. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತು ಪ್ರಶ್ನೆ ಕೇಳುವ ಕೆಲಸ ವಹಿಸಿಕೊಂಡಿದ್ದೆ.

"ಚಿಕ್ಕ ಬೋರ್ಡಿನಲ್ಲಿ ಕರೆಂಟು ವಾಪಸು ಹೋಗೋ ನ್ಯೂಟ್ರಲ್ ತಂತಿಗೂ ಈ ಅರ್ತಿನ ತಂತಿಗೂ ಒಂದು ಗಂಟು ಹಾಕಿದ್ರೆ ಇನ್ನೂ ಭದ್ರ ಅಲ್ವೇನಪ್ಪ?"

"ಹಾಕಿದ್ರೆ ಡಬ್ಬಿಗೇ ಕರೆಂಟು ಬಂದ್ಬುಡಬೋದು ಸ್ವಾಮಿ. ಅವೆರಡನ್ನೂ ಅಲ್ಲಿ ಸೇರಿಸಬಾರ್ದು." ಹಿತ್ತಲ ಬಾಗಿಲಲ್ಲಿದ್ದ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮಾವ್ರೇ, ಇವರನ್ನ ಎಲ್ಲಿಗಾದ್ರೂ ಕಳ್ಸಿ. ನಾನು ಅತ್ಲಾಗೆ ಹೋಗ್ತಿದ್ದಂಗೇ ಗಂಟು ಹಾಕ್ಬುಡ್ತಾರೆ," ಎಂದ.

"ಕಳಿಸಿದ್ರೆ ಅಲ್ಲೂ ಇದೇ ಕೇಳ್ತಾರೆ ಕಣಪ್ಪ. ನೀನು ಗುಂಡಿ ಬೇಗ ಮುಚ್ಚು, ಅದರೊಳಗೂ ಇಳಿದು ನೋಡ್ತೀನಿ ಅಂದಾರು," ಎಂದಳು ಅವಳು.

ಮನೆ ನೋಡಲು ಬಂದಿದ್ದ ಅಮ್ಮ ಮಾತ್ರ ಗುಂಡಿಯನ್ನೇ ನೋಡುತ್ತಿದ್ದಳು. "ಉಪ್ಪು ಯಾಕಪ್ಪಾ?"

"ನೆಲದ ಪಸೆ ಆರಬಾರ್ದು ತಾಯಿ, ಅದಕ್ಕೆ. ಉಪ್ಪು ಇದ್ದಷ್ಟೂ ಒಳ್ಳೇದು. ಮೇಲೆ ಬಾಯಿ ಬಿಟ್ಟಿರ್ತೀನಿ, ಬೇಸಿಗೇಲಿ ಆಗಾಗ ಅದಕ್ಕೆ ಒಂದು ಬಿಂದಿಗೆ ನೀರು ಹಾಕ್ತಿರಿ."

ಮಕ್ಕಳ ದೃಷ್ಟಿ ತೆಗೆಯುವುದಕ್ಕೂ, ಜ್ವರಕ್ಕೂ, ಜಗಳಗಂಟಿ ನೆರೆಯವರಿಗೂ ಉಪ್ಪನ್ನೇ ನಂಬಿದ್ದ ಅಮ್ಮ, "ಹೌದಾ," ಎಂದು ಒಳಗೆ ಹೋದಳು.

ಗೃಹಪ್ರವೇಶದ ದಿನ ಪುರೋಹಿತರು ನನಗಿಂತ ಮೊದಲೇ ಬಂದಿದ್ದರು. ಹಾಲು ಚೆನ್ನಾಗಿ ಉಕ್ಕಿತು. ಫ್ಯೂಜು ಹಾರಲಿಲ್ಲ. ಹೋಮ ಮುಗಿಯುತ್ತಲೇ ಅಮ್ಮ ಬಚ್ಚಲ ಕಡೆ ನಡೆದಳು. ನಲ್ಲಿಯನ್ನು ಮೊದಲು ನಾನು ಮುಟ್ಟಿ ನೋಡಬೇಕೆಂದು ಪಂಚೆ ಎತ್ತಿಕೊಂಡು ಓಡಿದೆ. ನಾನು ತಲುಪುವಷ್ಟರಲ್ಲಿ ಅವಳು ಸ್ವಿಚ್ಚು ಒತ್ತಿ, ನಲ್ಲಿ ತಿರುಗಿಸಿ, ದೀಪದ ಬೆಳಕಿನಲ್ಲಿ ಕಾಲು ತೊಳೆಯುತ್ತಿದ್ದಳು.

"ಏನೋ ಹಾಗೆ ನೋಡ್ತೀಯಾ? ನನ್ನ ಟ್ರಂಕು ಕೋಣೇಲಿಡು, ಹೋಗು."

ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಯೋಚಿಸುತ್ತಲೇ ಟ್ರಂಕು ಹೊತ್ತೆ. ಅದು ಗೊತ್ತಾದದ್ದು ಊಟದ ಹೊತ್ತಿಗೆ. ಬಂದವರೆಲ್ಲ ಎಲೆ ಮುಂದೆ ಕೂತಿದ್ದರು. ಅಡಿಗೆಯವರು ಖಾಲಿ ಜಾಡಿ ಹಿಡಿದು ಹೊರಗೆ ಬಂದರು.

"ಎಲೆ ತುದಿಗೆ ಬಡಿಸೋಕೆ ಉಪ್ಪಿಲ್ವಲ್ಲ ಸ್ವಾಮಿ. ಬೆಳಿಗ್ಗೆ ಸಾರಿಗೆ ಹಾಕುವಾಗ ಜಾಡಿ ತುಂಬ ಇತ್ತು."

"ಗುಂಡೀಲಿದೆ," ಎಂದಳು ಅಮ್ಮ, ಮೊದಲ ಪಂಕ್ತಿಯಲ್ಲಿ ಕೂತಲ್ಲಿಂದಲೇ.

"ಅಷ್ಟೂನಾ ಅತ್ತೆ?" ಎಂದಳು ನನ್ನ ಹೆಂಡತಿ.

"ಇದ್ದಷ್ಟೂ ಒಳ್ಳೇದು ಅಂದ್ನಲ್ಲಮ್ಮ ಆ ಮೇಸ್ತ್ರಿ, ಹೋಮಕ್ಕೆ ಮೊದಲೇ ಸುರಿದ್ಬಂದೆ. ನಾನಿರೋ ಮನೆ, ಜಿಪುಣತನ ಮಾಡೋಕಾಗುತ್ತಾ?"

ಅಂದು ಕೆಟ್ಟದ್ದು ಅದೊಂದೇ: ಒಬ್ಬರ ಎಲೆ ತುದಿಗೂ ಉಪ್ಪು ಬೀಳಲಿಲ್ಲ. ಅಷ್ಟೆಲ್ಲ ಯೋಚಿಸಿದ ನಾನು, ಉಪ್ಪಿನ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ.