ಬಳೆಯ ಮಾತಿಗೆ ಶಿಳ್ಳೆ

ನಮ್ಮ ಕಡೆ ಆಡುತ್ತಿದ್ದ ಹಳೆಯ ಪೌರಾಣಿಕ ನಾಟಕಗಳಲ್ಲಿ ರಾಜನಿಗೆ ಒಂದು ಮಾತು ಇದ್ದೇ ಇರುತ್ತಿತ್ತು. ಯುದ್ಧಕ್ಕೆ ಹೆದರಿ ಓಡಿಬಂದ ಸೈನಿಕರಿಗೆ ಆತ ತೊಡೆ ತಟ್ಟಿ ಹೇಳುವ ಮಾತು: “ಹೋಗಿ, ಕೈಗೆ ಬಳೆ ತೊಟ್ಟುಕೊಂಡು ಮನೆಯಲ್ಲಿ ಕುಳಿತುಕೊಳ್ಳಿ!” ಕಥೆ ಯಾವುದೇ ಇರಲಿ, ಈ ಮಾತಿಗೆ ಶಿಳ್ಳೆ ಬೀಳಲೇಬೇಕು. ಬೀಳದಿದ್ದರೆ ರಾಜನಾದವನು ಮರುದಿನ ಊರಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನಾಗ ಹಾನುಬಾಳಿನ ಹತ್ತಿರದ ಒಂದು ಊರಲ್ಲಿ ಟೀಚರ್. ಊರಿನ ಮಹಿಳಾ ಸಂಘದವರು ವಾರ್ಷಿಕೋತ್ಸವಕ್ಕೆ ಹೆಂಗಸರೇ ಸೇರಿ ನಾಟಕ ಆಡುವುದೆಂದು ತೀರ್ಮಾನಿಸಿದರು. ಅದೂ ಹಗಲು ನಾಟಕ. ಕತ್ತಲಾಗುವುದರೊಳಗೆ ಮನೆ ಸೇರಿ ಒಲೆ ಹಚ್ಚಬೇಕಲ್ಲ. ಪರದೆಯ ಪಕ್ಕ ನಿಂತು ಮಾತು ಎತ್ತಿಕೊಡುವ ಕೆಲಸ ನನಗೆ ಬಿತ್ತು.

ಗಂಡು ವೇಷಕ್ಕೆ ಎಲ್ಲರೂ ಸಿದ್ಧರಿದ್ದರು. ಮೀಸೆ ಬರೆಸಿಕೊಳ್ಳಲಂತೂ ತಳ್ಳಾಟ. ಆದರೆ ಕೈಯ ಗಾಜಿನ ಬಳೆ ತೆಗೆಯಲು ಒಬ್ಬರೂ ಒಪ್ಪಲಿಲ್ಲ. ಮುತ್ತೈದೆ ಬರಿಗೈಯಲ್ಲಿ ನಿಂತರೆ ಗಂಡನಿಗೆ ಕೇಡು. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿ ಕೂಡ “ಬ್ಯಾಡಪ್ಪ” ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಸೈನಿಕರ ಕೈಯಲ್ಲಿ ಬಳೆ ಇದ್ದರೂ ಸರಿ, ರಾಜನ ಕೈಯಲ್ಲಿ ಇರಕೂಡದು ಎಂದರು ನಾಟಕ ಕಲಿಸಲು ಬಂದಿದ್ದ ಹಾರ್ಮೋನಿಯಂ ಮೇಷ್ಟ್ರು. ಹೀಗಾಗಿ ರಾಜನ ಪಾತ್ರ ಬಸ್ ಸ್ಟ್ಯಾಂಡಿನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ವಿಧವೆಗೆ ಹೋಯಿತು. ಮದುವೆ, ಸೀಮಂತ, ಆರತಿಗಳಲ್ಲಿ ಆಕೆಯನ್ನು ಹಿಂದೆ ನಿಲ್ಲಿಸುತ್ತಿದ್ದವರೇ ಈಗ ಕರೆದು ಸಿಂಹಾಸನದ ಮೇಲೆ ಕೂರಿಸಿದರು.

“ಬದ್ಕಿದ್ದಾಗ ನನ್ ಗಂಡ ಒಂದು ಉಪ್ಕಾರ ಮಾಡ್ಲಿಲ್ಲ. ಸತ್ ಮೇಲೆ ರಾಜನ್ನ ಮಾಡ್ಬುಟ್ಟ ನೋಡಿ ಟೀಚ್ರೇ,” ಎಂದಳು.

ಆಕೆಯ ಅಪ್ಪ ಪಾಳ್ಯದ ಕಡೆ ರಾಜನ ಪಾತ್ರಕ್ಕೆ ಹೆಸರಾದವನು. ಬಳೆಯ ಮಾತಿಗೆ ಅವನಿಗೆ ಬೀಳುತ್ತಿದ್ದ ಶಿಳ್ಳೆಯನ್ನು ರಂಗದ ಕೆಳಗೆ ಕೂತು ಕೇಳಿಕೊಂಡೇ ಬೆಳೆದವಳು. ಅಂಥದ್ದೊಂದು ತನಗೂ ಬಿದ್ದರೆ ಸಾಕು ಎಂದು ಮೊದಲ ದಿನವೇ ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು.

ಆ ಮಾತಿಗೇ ತಕರಾರು ಎದ್ದಿತು. ಸಂಘದ ಅಧ್ಯಕ್ಷೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ.

“ಹೆಂಗಸ್ರ ನಾಟಕದಲ್ಲಿ ಹೆಂಗಸ್ರಿಗೇ ಬೈಗುಳವಾ? ಬಳೆ ಅಂದ್ರೆ ಹೇಡಿತನ ಅಂತ ಯಾರು ಹೇಳಿದ್ದು? ತೆಗೀರಿ ಅದನ್ನ,” ಎಂದರು.

“ತಾಯಿ, ಇದು ನಮ್ ಗುರುಗಳು ಕಲ್ಸಿದ್ ಮಾತು. ಮುಟ್ಟಬ್ಯಾಡಿ,” ಎಂದು ಮೇಷ್ಟ್ರು ಕೈ ಮುಗಿದರು.

ಸೈನಿಕರಲ್ಲೊಬ್ಬಳು ನಡುವೆ ಬಾಯಿ ಹಾಕಿದಳು. “ಬಳೆ ತೊಟ್ಕಂಡು ಮನೇಲಿ ಕೂತಿರೋರು ಯಾರವ್ವಾ ನಮ್ಮಲ್ಲಿ? ನಾವು ಬೆಳಿಗ್ಗೆ ಎದ್ರೆ ಕಾಫಿ ಹಣ್ ಕುಯ್ಯಕ್ಕೆ ತೋಟಕ್ಕೆ ಹೋಯ್ತೀವಿ. ಮನೇಲಿ ಕೂತಿರೋದು ನಮ್ ಯಜಮಾನ್ರು!”

ನಗು ಇಳಿದ ಮೇಲೆ ರಾಜನ ಪಾತ್ರದವಳು ಅಧ್ಯಕ್ಷೆಯ ಕಡೆ ತಿರುಗಿದಳು. “ಅಕ್ಕಾ, ಶಿಳ್ಳೆ ಬೀಳೋದೇ ಆ ಮಾತಿಗೆ ಕಣಕ್ಕಾ. ಅದ ಕಿತ್ತಾಕಿದ್ರೆ ಈ ಮೀಸೆ ತಗಂಡು ನಾನೇನ್ ಮಾಡ್ಲಿ?”

ಅಧ್ಯಕ್ಷೆ ಬಗ್ಗಲಿಲ್ಲ. ಬೇರೆ ಮಾತು ಬರೆದುಕೊಡಲು ನನಗೆ ಹೇಳಿದರು. ಬರೆದೆ: “ಹೋಗಿ, ಹೇಡಿಗಳಂತೆ ಮೂಲೆಯಲ್ಲಿ ಅಡಗಿಕೊಳ್ಳಿ!” ಗಂಡಸರಿಗಾಗಲಿ ಹೆಂಗಸರಿಗಾಗಲಿ ನೋವಾಗದ ಮಾತು. ಹೇಡಿಗಳಿಗೆ ನೋವಾಗಬಹುದಿತ್ತು, ಆದರೆ ಅವರದೊಂದು ಸಂಘ ಇರಲಿಲ್ಲ. ಹೋಟೆಲಿನವಳು ಅದನ್ನು ಒಮ್ಮೆ ಬಾಯಲ್ಲಿ ಆಡಿ ನೋಡಿ, “ಸಪ್ಪೆ ಐತೆ,” ಎಂದಳು. ಬೇಡ ಎನ್ನಲಿಲ್ಲ.

ನಾಟಕದ ದಿನ ಶಾಲೆಯ ಅಂಗಳ ತುಂಬಿತ್ತು. ಮುಂದೆ ನಡೆದದ್ದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಸೈನಿಕರು ಬಳೆ ಸದ್ದು ಮಾಡುತ್ತ ಓಡಿಬಂದು ತಲೆ ತಗ್ಗಿಸಿ ನಿಂತರು. ರಾಜ ತೊಡೆ ತಟ್ಟಿ “ಹೋಗಿ” ಎಂದವನು ಅಲ್ಲೇ ನಿಂತ. ಮರೆತಿರಬೇಕು ಎಂದುಕೊಂಡು ನಾನು “ಹೇಡಿಗಳಂತೆ” ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷೆಗೂ ಕೇಳುವಷ್ಟು ಜೋರಾಗಿ ಇನ್ನೊಮ್ಮೆ ಎಂದೆ. ರಾಜನ ವೇಷದವಳು ನನ್ನ ಕಡೆ ನೋಡದೆ ಎರಡೂ ಕೈ ಮುಂದಕ್ಕೆ ಚಾಚಿದಳು.

“ಹೋಗಿ, ಕೈಗೆ ಬಳೆ ತೊಟ್ಟುಕೊಂಡು ಮನೆಯಲ್ಲಿ ಕುಳಿತುಕೊಳ್ಳಿ!”

ಮಿರುಗುವ ಅಂಗಿಯ ತೋಳು ಮೇಲಕ್ಕೆ ಸರಿದು ಎರಡು ಬರಿಯ ಮಣಿಕಟ್ಟು ಬಿಸಿಲಿಗೆ ಬಂದವು. ಗಂಡಸರ ಕಡೆ ಕೆಲವರು ಶಿಳ್ಳೆಗೆಂದು ಆಗಲೇ ಬೆರಳು ಬಾಯಿಗೆ ಇಟ್ಟಿದ್ದರು. ಬೆರಳು ಅಲ್ಲೇ ಉಳಿಯಿತು. ಆಕೆಯ ಬಳೆ ಒಡೆದ ದಿನ ಅವರಲ್ಲಿ ಹಲವರು ಆ ಮನೆಯ ಮುಂದೆ ನಿಂತಿದ್ದವರು. ಸೈನಿಕರ ಪೈಕಿ ಒಬ್ಬಳು ತನ್ನ ಬಳೆಗೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅಧ್ಯಕ್ಷೆ ನೆಲ ನೋಡಿದರು. ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೆ ಅಲ್ಲಾಡಲಿಲ್ಲ.

ಎಲ್ಲರಿಗೂ ಅಯ್ಯೋ ಅನ್ನಿಸಿತ್ತು. ಆಕೆಗೆ ಬೇಕಾಗಿದ್ದದ್ದು ಅದಲ್ಲ. ಕೈ ಚಾಚಿಕೊಂಡೇ ಕಾದಳು. ಬೆವರಿಗೆ ಮೀಸೆ ಇಳಿದು ತುಟಿಗೆ ಬಂದಿತ್ತು. ಕೊನೆಗೆ ರಾಜನ ಗತ್ತನ್ನೆಲ್ಲ ಪಕ್ಕಕ್ಕಿಟ್ಟು ಹೋಟೆಲಿನ ಗಂಟಲಲ್ಲೇ ಕೇಳಿದಳು:

“ಯಾಕ್ರಪ್ಪಾ, ಬಾಯ್ಗೆ ಬೆರ್ಳಿಟ್ಕಂಡು ಹಂಗೇ ಕೂತ್ಬುಟ್ರಿ? ನಮ್ಮಪ್ಪ ಅಂದಿದ್ರೆ ಹೊಡೀತಿದ್ರಿ. ನಂಗೆ ಹೊಡ್ಯಕ್ಕೆ ಯಾವನ್ಗೂ ಉಸ್ರಿಲ್ವಾ?”

ಕಾಂಪೌಂಡಿನ ಹತ್ತಿರ ನಿಂತಿದ್ದ ಜೀಪ್ ಡ್ರೈವರ್ ಮೊದಲು ಹೊಡೆದ. ಆಮೇಲೆ ಗಂಡಸರ ಕಡೆಯಿಂದ, ಹೆಂಗಸರ ಕಡೆಯಿಂದ, ಎಲ್ಲೆಲ್ಲಿಂದಲೋ. ಶಿಳ್ಳೆ ಬಾರದವರು ಕೂಗಿದರು. ಅಧ್ಯಕ್ಷೆ ಹೊಡೆಯಲಿಲ್ಲ, ಕೂಗಲಿಲ್ಲ, ಎದ್ದೂ ಹೋಗಲಿಲ್ಲ. ಹೋಟೆಲಿನವಳು ಇಳಿದ ಮೀಸೆಯನ್ನು ತಿರುವಲು ಹೋಗಿ ಕೆನ್ನೆಗೆಲ್ಲ ಮಸಿ ಬಳಿದುಕೊಂಡಳು.

ಗಲಾಟೆ ತಗ್ಗುವ ಹೊತ್ತಿಗೆ ನಾನು ಮುಂದಿನ ಮಾತು ಎತ್ತಿಕೊಟ್ಟೆ.

“ತಡೀರಿ ಟೀಚ್ರೇ,” ಎಂದಳು ಆಕೆ, ಮೈಕಿನಲ್ಲೇ, ಅಂಗಳಕ್ಕೆಲ್ಲ ಕೇಳುವಂತೆ. “ಇನ್ನೂ ಬರ್ತಾ ಐತೆ.”